ಓದು, ಪಾಠ, ಮತ್ತೊಂದು ದುಡಿಮೆ

ಮಂಗಳೂರಿನ ಬಿಕರ್ನಕಟ್ಟೆ ಕೈಕಂಬದಿಂದ ಕೊಣಾಜೆಯ ಮಂಗಳಗಂಗೋತ್ರಿಗೆ, ಅಂದರೆ ಮಂಗಳೂರು ವಿಶ್ವವಿದ್ಯಾಲಯಕ್ಕೆ, ಹೋಗಬೇಕೆಂದರೆ ನಂತೂರಿಗೆ ಬಂದು, ಪಂಪ್‌ವೆಲ್ ದಾಟಿ, ನೇತ್ರಾವತಿ ಸೇತುವೆ ಹಾದು, ತೊಕ್ಕೊಟ್ಟಿನಲ್ಲಿ ಎಡಕ್ಕೆ ತಿರುಗಿ ದೇರಳಕಟ್ಟೆಯ ಏರು ಹತ್ತಬೇಕು. ಸುಮಾರು 20 ಕಿಲೋಮೀಟರ್. ಬಸ್ಸು ಬದಲಿಸಿ, ನಂತೂರು ವೃತ್ತದ ದಟ್ಟಣೆಯಲ್ಲಿ ನಿಂತು ಹೋಗುವವರಿಗೆ ಒಂದು ಗಂಟೆಗೆ ಮೇಲೆಯೇ ಬೇಕು. ಬಿಕರ್ನಕಟ್ಟೆಯಿಂದ ಸಾಣೂರಿನವರೆಗಿನ 45 ಕಿಲೋಮೀಟರ್ ಚತುಷ್ಪಥ ಹೆದ್ದಾರಿಯ ಕಾಮಗಾರಿ ಶುರುವಾದ ಮೇಲಂತೂ ಈ ಭಾಗದ ಜನ ಹೊರಡುವ ಹೊತ್ತನ್ನೇ ಬದಲಿಸಿಕೊಂಡಿದ್ದಾರೆ. ಕದ್ರಿ, ಬೆಂದೂರುಗಳಿಗೆ ಹೋಲಿಸಿದರೆ ಇಲ್ಲಿ ಬಾಡಿಗೆ ಕೈಗೆಟಕುತ್ತದೆ. ಹಂಪನಕಟ್ಟೆಯ ಕಾಲೇಜುಗಳೂ ದೂರವಿಲ್ಲ, ವಾಮಂಜೂರಿನ ಇಂಜಿನಿಯರಿಂಗ್ ಕಾಲೇಜೂ ದೂರವಿಲ್ಲ. ಹಾಗಾಗಿ ಎಂ.ಎ. ಮುಗಿಸಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡವರು, ಎರಡು ಕಾಲೇಜುಗಳಲ್ಲಿ ಗೆಸ್ಟ್ ಉಪನ್ಯಾಸಕರಾಗಿರುವವರು, ಬಿ.ಎಡ್. ಮಾಡುತ್ತಾ ಟ್ಯೂಷನ್ ಹೇಳುವವರು ಈ ಬಡಾವಣೆಯ ಮೇಲಂತಸ್ತಿನ ಕೋಣೆಗಳಲ್ಲಿ ಬಹಳ ಮಂದಿ ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು ಏಕಕಾಲಕ್ಕೆ ಮೂರು ಕೆಲಸ ಮಾಡುತ್ತಿದ್ದಾರೆ: ತಾವು ಓದುವುದು, ಬೇರೆಯವರಿಗೆ ಓದಿಸುವುದು, ಇವೆರಡರಿಂದಲೂ ತುಂಬದ ಖರ್ಚಿಗೆ ಇನ್ನೊಂದು ಕಡೆ ದುಡಿಯುವುದು.

ಈ ಮೂರನ್ನೂ ಹೇಗೆ ನಿಭಾಯಿಸುವುದು ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಸಮಯಪಾಲನೆ ಕಲಿಯಿರಿ, ಬೆಳಿಗ್ಗೆ ಬೇಗ ಏಳಿ, ಮೊಬೈಲು ದೂರವಿಡಿ. ಈ ಸಲಹೆಯಲ್ಲಿ ತಪ್ಪೇನಿಲ್ಲ. ಆದರೆ ನಾನು ಕಂಡ ಸಂಶೋಧನಾರ್ಥಿಗಳಲ್ಲಿ ಸೋಮಾರಿತನದಿಂದ ಪ್ರಬಂಧ ನಿಲ್ಲಿಸಿದವರು ತೀರಾ ಕಡಿಮೆ. ಹೆಚ್ಚಿನವರು ನಿಲ್ಲಿಸಿದ್ದು, ಓದಿಗೆ ತೀರಾ ಹತ್ತಿರವಾದ ಕೆಲಸವಾದ ಪಾಠ ಹೇಳುವುದು ಅವರ ಹೊಟ್ಟೆ ತುಂಬಿಸದೆ ಹೋದದ್ದರಿಂದ. ಮೂರನೆಯ ಕೆಲಸ ಮನೆಯೊಳಗೆ ಬಂದದ್ದೇ ಎರಡನೆಯದು ಸಾಲದಾದಾಗ. ಪ್ರಶ್ನೆಯನ್ನು ಗಡಿಯಾರದಿಂದ ಶುರುಮಾಡಿದರೆ ಉತ್ತರ ಸಿಗುವುದಿಲ್ಲ. ಪಾಠಕ್ಕೆ ಸಿಗುವ ಕೂಲಿಯಿಂದ ಶುರುಮಾಡಬೇಕು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ನಮ್ಮ ಬೀದಿಯಲ್ಲಿ ಬಾಡಿಗೆಗಿರುವ ಒಬ್ಬ ಸಂಶೋಧನಾರ್ಥಿ, ಕಾರ್ಕಳ ಕಡೆಯ ಹುಡುಗಿ, ಸಮಾಜವಿಜ್ಞಾನದ ವಿದ್ಯಾರ್ಥಿನಿ. ವಾರದಲ್ಲಿ ನಾಲ್ಕು ದಿನ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಪಾಠ. ಸಂಜೆ ಐದೂವರೆಯಿಂದ ಎಂಟರವರೆಗೆ ಪಿ.ಯು. ಮಕ್ಕಳಿಗೆ ಟ್ಯೂಷನ್. ಭಾನುವಾರ ಒಬ್ಬ ಲೆಕ್ಕಪರಿಶೋಧಕರ ಕಚೇರಿಗೆ ಕಡತಗಳ ಡೇಟಾ ಎಂಟ್ರಿ. ಅವಳ ಮೇಜಿನ ಮೇಲೆ ಎರಡು ರಾಶಿ ಇರುತ್ತವೆ. ಒಂದು ರಾಶಿ ಇಂಟರ್ನಲ್ಸ್ ಉತ್ತರಪತ್ರಿಕೆಗಳದು, ಅದಕ್ಕೆ ಹಳದಿ ದಾರ ಕಟ್ಟಿದೆ. ಇನ್ನೊಂದು ಕ್ಷೇತ್ರಕಾರ್ಯದ ಟಿಪ್ಪಣಿಗಳದು. ಉತ್ತರಪತ್ರಿಕೆಯ ರಾಶಿ ವಾರಕ್ಕೊಮ್ಮೆ ಕರಗುತ್ತದೆ, ಯಾಕೆಂದರೆ ಅದಕ್ಕೆ ಕೊನೆಯ ದಿನಾಂಕವಿದೆ, ಅಂಕ ಅಪ್‌ಲೋಡ್ ಆಗದಿದ್ದರೆ ಪ್ರಾಂಶುಪಾಲರ ಕರೆ ಬರುತ್ತದೆ. ಟಿಪ್ಪಣಿಗಳ ರಾಶಿಗೆ ಅಂಥ ದಿನಾಂಕವಿಲ್ಲ. ಗೈಡ್ ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಕೇಳುತ್ತಾರೆ, ಅದನ್ನು ಎರಡು ರಾತ್ರಿಯಲ್ಲಿ ಬರೆದು ಕೊಡುವುದು ಅಭ್ಯಾಸವಾಗಿಬಿಟ್ಟಿದೆ. ಬೇಗ ಮುಗಿಸಬೇಕಾದದ್ದು ದೊಡ್ಡದನ್ನು ದಿನವೂ ಸ್ವಲ್ಪ ಸ್ವಲ್ಪ ಹಿಂದಕ್ಕೆ ತಳ್ಳುತ್ತದೆ. ಮೂರು ಕೆಲಸ ಮಾಡುವ ಎಲ್ಲರ ಮೇಜಿನ ಮೇಲೂ ಇದೇ ಆಗುವುದನ್ನು ನೋಡಿದ್ದೇನೆ.

ದುಡಿಯುತ್ತಾ ಓದುವುದು ಈ ಊರಿಗೆ ಹೊಸತಲ್ಲ. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಎಫ್.ಎ. ಮುಗಿಸಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಬಿ.ಎ., ಆಮೇಲೆ ಶಿಕ್ಷಕ ತರಬೇತಿಯ ಎಲ್.ಟಿ., ಎರಡೂ ಕೆಲಸದ ಜೊತೆಗೇ ಬಂದವು. ಮುಂದೆ ಶಾಲಾ ಇನ್‌ಸ್ಪೆಕ್ಟರ್ ಆಗಿ, ಮುಖ್ಯೋಪಾಧ್ಯಾಯರಾಗಿ ಅವರು ಮಕ್ಕಳಿಗೆ ಬರೆದ ಪಾಠ, ಪದ್ಯಗಳೆಲ್ಲ ತರಗತಿಯೊಳಗೆ ನಿಂತು ಕಂಡುಕೊಂಡವು. ಕಡೆಂಗೋಡ್ಲು ಶಂಕರಭಟ್ಟರು ಸಂತ ಆಗ್ನೆಸ್ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಲೇ ‘ರಾಷ್ಟ್ರಬಂಧು’ ವಾರಪತ್ರಿಕೆಯನ್ನು ಸಂಪಾದಿಸಿದರು. ಹಗಲು ಹುಡುಗಿಯರಿಗೆ ಕಾವ್ಯ, ಸಂಜೆ ಅಚ್ಚಿನ ಕರಡು. 1965ರಲ್ಲಿ ಕಾರವಾರದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಈ ಕವಿಯ ಬದುಕಿನಲ್ಲಿ ಎರಡನೆಯ ದುಡಿಮೆ ಮೊದಲನೆಯದಕ್ಕೆ ಅಡ್ಡಬರಲಿಲ್ಲ. ಮುಳಿಯ ತಿಮ್ಮಪ್ಪಯ್ಯನವರು ಸಂತ ಅಲೋಶಿಯಸ್ ಕಾಲೇಜಿನ ಕನ್ನಡ ಪಂಡಿತರಾಗಿದ್ದುಕೊಂಡೇ ‘ನಾಡೋಜ ಪಂಪ’ದಂಥ ಸಂಶೋಧನೆಯನ್ನು ಕೊಟ್ಟರು. ಹೆಸರಿನ ಹಿಂದೆ ಡಾಕ್ಟರೇಟ್ ಇರಲಿಲ್ಲ, ಆದರೆ ಅವರು ಮಾಡಿದ್ದು ಪೂರ್ತಿಯಾಗಿ ಸಂಶೋಧಕನ ಕೆಲಸ.

ಈ ಹಿರಿಯರನ್ನು ಇಂದಿನ ಹುಡುಗರ ಮುಂದೆ ಹಿಡಿದು ‘ಅವರಿಗೆ ಸಾಧ್ಯವಾಯಿತು, ನಿಮಗೇಕಾಗದು’ ಎಂದು ಕೇಳುವುದು ಅನ್ಯಾಯ. ಅವರ ಪಾಠದ ಕೆಲಸ ಕಾಯಂ ಕೆಲಸ. ಸಂಬಳ ಚಿಕ್ಕದಿದ್ದರೂ ಪ್ರತಿ ತಿಂಗಳು ಬರುತ್ತಿತ್ತು, ಬೇಸಿಗೆ ರಜೆಯಲ್ಲೂ ಬರುತ್ತಿತ್ತು. ಒಂದು ಕಾಲು ಗಟ್ಟಿಯಾಗಿ ಊರಿದ್ದರಿಂದ ಇನ್ನೊಂದನ್ನು ಮುಂದಿಡಲು ಸಾಧ್ಯವಾಯಿತು. ಇವತ್ತಿನ ಗೆಸ್ಟ್ ಉಪನ್ಯಾಸಕರಿಗೆ ಆ ಊರುವ ಕಾಲೇ ಇಲ್ಲ.

ನಡುವೆ ಒಂದು ದೊಡ್ಡ ಅಧ್ಯಾಯವಿದೆ, ಅದನ್ನು ನಾವು ಬೇಗ ಮರೆಯುತ್ತಿದ್ದೇವೆ. ಅವಿಭಜಿತ ದಕ್ಷಿಣ ಕನ್ನಡ ಬ್ಯಾಂಕುಗಳ ತವರು: ಕೆನರಾ ಮತ್ತು ಕಾರ್ಪೊರೇಷನ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ ಕ್ಲಾರ್ಕ್ ಆದ ಸಾವಿರಾರು ಹುಡುಗರು ಸಂಜೆ ಓದಲು ಹೊರಟಾಗ ಮಂಗಳೂರಿನ ಸಂಜೆ ಕಾಲೇಜುಗಳು ಅವರನ್ನು ಸೇರಿಸಿಕೊಂಡವು. ಬೆಸೆಂಟ್, ಸಂತ ಅಲೋಶಿಯಸ್ ಸಂಜೆ ಕಾಲೇಜುಗಳ ತರಗತಿಗಳಲ್ಲಿ ಕುಳಿತವರು ಬೆಳಿಗ್ಗೆಯಿಂದ ಕೌಂಟರಿನಲ್ಲಿ ಕುಳಿತು ಬಂದವರು. ಸ್ನಾತಕೋತ್ತರ ಓದಿಗೆ ಮೈಸೂರು ವಿಶ್ವವಿದ್ಯಾಲಯ 1968ರಲ್ಲಿ ಮಂಗಳೂರಿನಲ್ಲಿ ಕೇಂದ್ರ ತೆರೆಯಿತು, ಎಸ್.ವಿ. ಪರಮೇಶ್ವರ ಭಟ್ಟರು ಅದನ್ನು ಕಟ್ಟಿ ಬೆಳೆಸಿದರು. ಅದೇ ಕೇಂದ್ರ 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಯಿತು. ಕೊಣಾಜೆಗೆ ಹಗಲು ಹೋಗಲಾಗದ ಹೈಸ್ಕೂಲು ಮಾಸ್ತರರಿಗೆ ಮೈಸೂರಿನ ಅಂಚೆ ಮತ್ತು ಮುಂದುವರಿಕೆ ಶಿಕ್ಷಣ ಸಂಸ್ಥೆ ಇತ್ತು, 1969ರಿಂದ. ಮೇ ತಿಂಗಳ ಸಂಪರ್ಕ ತರಗತಿಗೆ ಮೈಸೂರಿಗೆ ಹೋಗಿ, ಛತ್ರದಲ್ಲೋ ಪರಿಚಯದವರ ಮನೆಯಲ್ಲೋ ಉಳಿದು, ಕನ್ನಡ ಎಂ.ಎ., ಇತಿಹಾಸ ಎಂ.ಎ. ಮಾಡಿದ ಮಾಸ್ತರರು ನಮ್ಮ ಜಿಲ್ಲೆಯ ಎಷ್ಟೋ ಶಾಲೆಗಳಲ್ಲಿದ್ದರು.

ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಮುಂದೆ ಅದರ ಮಾನ್ಯತೆಗೆ ಏಟು ಬಿತ್ತು: 2012-13ರ ನಂತರದ ಕೋರ್ಸುಗಳಿಗೆ ಮಾನ್ಯತೆ ಇಲ್ಲವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2015ರಲ್ಲಿ ಪ್ರಕಟಿಸಿತು. 2018ರಲ್ಲಿ ಮಾನ್ಯತೆ ಮರಳಿ ಬಂತು. ನಡುವಿನ ವರ್ಷಗಳಲ್ಲಿ ನೋಂದಾಯಿಸಿಕೊಂಡವರು ಬಹುಪಾಲು ದುಡಿಯುವವರೇ: ಅಂಗನವಾಡಿ ಕಾರ್ಯಕರ್ತೆಯರು, ಪೊಲೀಸರು, ಶಾಲಾ ಶಿಕ್ಷಕರು. ರಾತ್ರಿ ಓದಿ ಗಳಿಸಿದ ಅಂಕಪಟ್ಟಿ ಬಡ್ತಿಗೂ ನೇಮಕಕ್ಕೂ ಸಲ್ಲದೆ ಅವರು ಅಲೆದದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ದುಡಿಯುತ್ತಾ ಓದುವವರಿಗೆ ವ್ಯವಸ್ಥೆಯ ಅಸ್ಥಿರತೆ ಎಷ್ಟು ದುಬಾರಿ ಎಂಬುದನ್ನು ಅದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಸಂಗ ನಮ್ಮ ರಾಜ್ಯದಲ್ಲಿ ನಡೆದಿಲ್ಲ. ಪೂರ್ಣಾವಧಿ ವಿದ್ಯಾರ್ಥಿ ಒಂದು ವರ್ಷ ಕಳೆದುಕೊಂಡರೆ ಒಂದು ವರ್ಷ ಹೋಯಿತು. ಕೆಲಸ, ಸಂಸಾರಗಳ ನಡುವೆ ಕದ್ದು ಓದಿದವರಿಗೆ ಆ ವರ್ಷ ಮತ್ತೆ ಸಿಗುವುದೇ ಇಲ್ಲ.

ಈಗ ಪಾಠದ ಕೂಲಿಗೆ ಬರೋಣ. ಮಂಗಳೂರಿನ ರಥಬೀದಿಯಲ್ಲೂ ಬಲ್ಮಠದಲ್ಲೂ ಇರುವಂತೆ ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ತರಗತಿಗಳನ್ನು ನಡೆಸುತ್ತಿರುವವರಲ್ಲಿ ದೊಡ್ಡ ಪಾಲು ಅತಿಥಿ ಉಪನ್ಯಾಸಕರದ್ದು. 2022ರ ಜನವರಿಯವರೆಗೆ ಅವರ ಗೌರವಧನ ನೆಟ್, ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾದವರಿಗೆ ಅಥವಾ ಪಿಎಚ್.ಡಿ. ಇದ್ದವರಿಗೆ ತಿಂಗಳಿಗೆ 13,000, ಇಲ್ಲದವರಿಗೆ 11,000 ರೂಪಾಯಿ. ದೀರ್ಘ ಮುಷ್ಕರದ ನಂತರ ಸರ್ಕಾರ ಅದನ್ನು 26,000ದಿಂದ 32,000ದವರೆಗೆ ಏರಿಸಿತು, ಜೊತೆಗೆ ವಾರದ ಪಾಠವನ್ನು ಎಂಟು-ಹತ್ತು ಗಂಟೆಯಿಂದ 15 ಗಂಟೆಗೆ ಹೆಚ್ಚಿಸಿತು. ಇದ್ದ ವರ್ಕ್‌ಲೋಡನ್ನೇ ಕಡಿಮೆ ಜನರಿಗೆ ಹಂಚಿದ್ದರಿಂದ ಹಲವರು ಕೆಲಸ ಕಳೆದುಕೊಂಡರು. 2023ರ ಕೊನೆಯಲ್ಲಿ ಮತ್ತೆ ಮುಷ್ಕರ. 2024ರ ಜನವರಿಯಲ್ಲಿ ಸೇವಾವಧಿಗೆ ತಕ್ಕಂತೆ 5,000ದಿಂದ 8,000 ರೂಪಾಯಿವರೆಗೆ ಏರಿಕೆ, 60 ವರ್ಷಕ್ಕೆ ನಿವೃತ್ತರಾಗುವಾಗ ಐದು ಲಕ್ಷ ರೂಪಾಯಿಯ ಇಡಿಗಂಟು. ಹೋರಾಟದಿಂದ ಬಂದ ಈ ಏರಿಕೆ ಸಣ್ಣದಲ್ಲ, ಅದನ್ನು ಗೌರವದಿಂದಲೇ ಹೇಳಬೇಕು.

ಆದರೂ ಲೆಕ್ಕ ಹಾಕಿ ನೋಡಿ. ವಾರಕ್ಕೆ 15 ಗಂಟೆಯೆಂದರೆ ತಿಂಗಳಿಗೆ 60 ಗಂಟೆ. 32,000ಕ್ಕೆ ಏರಿಕೆಯ 8,000ವನ್ನೂ ಸೇರಿಸಿ 40,000ವನ್ನು ಅದರಿಂದ ಭಾಗಿಸಿದರೂ ಗಂಟೆಗೆ 667 ರೂಪಾಯಿ. ಯುಜಿಸಿ 2019ರಲ್ಲಿ ಅತಿಥಿ ಬೋಧಕರಿಗೆ ಸೂಚಿಸಿದ ದರ ಒಂದು ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000. ಆ ದರದಲ್ಲಿ ತಿಂಗಳಿಗೆ 33-34 ತರಗತಿ ಮಾಡಿದರೆ ಮಿತಿ ಮುಟ್ಟುತ್ತದೆ, ಅಂದರೆ ವಾರಕ್ಕೆ ಎಂಟೂವರೆ ಗಂಟೆ. ಉಳಿದ ಆರೂವರೆ ಗಂಟೆ, ಅದಕ್ಕೆ ಬೇಕಾದ ತಯಾರಿಯ ಹೊತ್ತು, ಸಂಶೋಧನೆಗೆ ಉಳಿಯುತ್ತಿತ್ತು. ಹೊಸಬರಿಗೆ ಒಂದು ಗಂಟೆಯ ಪಾಠಕ್ಕೆ ಕನಿಷ್ಠ ಒಂದು ಗಂಟೆಯ ತಯಾರಿ ಬೇಕು, ಪಠ್ಯ ಬದಲಾದ ವರ್ಷ ಎರಡು. ರಾಜ್ಯ ಶಿಕ್ಷಣ ನೀತಿಯ ಹೆಸರಿನಲ್ಲಿ 2024ರಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಮರಳಿದಾಗ 2021ರಿಂದ ಬರೆದಿಟ್ಟ ಟಿಪ್ಪಣಿಗಳನ್ನು ಬದಿಗಿಟ್ಟು ಹೊಸ ಪಠ್ಯಕ್ಕೆ ಮತ್ತೆ ತಯಾರಾದವರಲ್ಲಿ ಗೆಸ್ಟ್ ಉಪನ್ಯಾಸಕರೇ ಹೆಚ್ಚು. ಆ ದುಡಿಮೆಗೆ ಯಾವ ಲೆಕ್ಕದ ಪುಸ್ತಕದಲ್ಲೂ ಅಂಕಣವಿಲ್ಲ. ಖಾಸಗಿ ಕಾಲೇಜುಗಳಲ್ಲಿ ಇದರ ಮೇಲೆ ನ್ಯಾಕ್ ಮಾನ್ಯತೆಯ ಕಡತ, ಪ್ರವೇಶದ ಪ್ರಚಾರ, ವಾರ್ಷಿಕೋತ್ಸವದ ಹೊಣೆ. ರಜೆಯ ತಿಂಗಳುಗಳಲ್ಲಿ ಗೌರವಧನ ನಿಲ್ಲುತ್ತದೆ, ಬಾಡಿಗೆ ನಿಲ್ಲುವುದಿಲ್ಲ. ಪ್ರಾಥಮಿಕ, ಪ್ರೌಢಶಾಲೆಗಳ ಅತಿಥಿ ಶಿಕ್ಷಕರ ಸ್ಥಿತಿ ಇನ್ನೂ ಕಷ್ಟ. 2025ರ ಬಜೆಟ್ಟಿನಲ್ಲಿ ಅವರಿಗೆ 2,000 ರೂಪಾಯಿ ಏರಿಸಿದ ಮೇಲೂ ಅವರ ತಿಂಗಳ ಗೌರವಧನ ಹನ್ನೆರಡು ಸಾವಿರದ ಆಸುಪಾಸಿನಲ್ಲೇ ಇದೆ.

ಓದಿಗೆ ನೇರವಾಗಿ ಸಿಗುವ ಹಣ ಯಾರಿಗಿದೆ? ಜೆ.ಆರ್.ಎಫ್. ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000, ಎರಡು ವರ್ಷದ ನಂತರ 42,000. ಆ ಹಣ ಪಡೆಯುವವರು ಬೇರೆ ಸಂಬಳದ ಕೆಲಸ ಮಾಡುವಂತಿಲ್ಲ, ಮಾಡಬೇಕಾಗಿಯೂ ಇಲ್ಲ. ಜೆ.ಆರ್.ಎಫ್. ತಪ್ಪಿ ಬರೀ ನೆಟ್ ಪಾಸಾದವರ ಅಂಕ ಕೆಲವೊಮ್ಮೆ ಎರಡೋ ಮೂರೋ ಕಡಿಮೆ ಇರುತ್ತದೆ, ಅಷ್ಟೇ. ಆ ಎರಡು ಅಂಕದ ಅಂತರ ಒಬ್ಬರನ್ನು ಗ್ರಂಥಾಲಯದಲ್ಲಿ ಕೂರಿಸುತ್ತದೆ, ಇನ್ನೊಬ್ಬರನ್ನು ಮೂರು ಬಸ್ಸು ಹತ್ತಿಸುತ್ತದೆ. ನೆಟ್ ಇಲ್ಲದ ಸಂಶೋಧಕರಿಗೆ ಯುಜಿಸಿ ಕೊಡುವ 8,000 ರೂಪಾಯಿ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸೀಮಿತ. ಗಡಿ ದಾಟಿ ಕಾಸರಗೋಡಿನ ಪೆರಿಯಕ್ಕೆ ಹೋದರೆ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಅದು ಸಿಗಬಹುದು, ಕೊಣಾಜೆಯಲ್ಲಿ ಇಲ್ಲ. ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧಕರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ನಿಲ್ಲಿಸುವುದಾಗಿ ಕೇಂದ್ರ 2022ರ ಡಿಸೆಂಬರಿನಲ್ಲಿ ಸಂಸತ್ತಿಗೆ ತಿಳಿಸಿತು. ಬ್ಯಾರಿ, ಕ್ರೈಸ್ತ, ಜೈನ ಮಕ್ಕಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಕಾಲೇಜು ಕಲಿಯುವ ಜಿಲ್ಲೆಯಲ್ಲಿ ಆ ನಷ್ಟ ನೇರವಾಗಿ ತಟ್ಟುವಂಥದ್ದು. ಅದನ್ನು ಮತ್ತೆ ತರಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಹೀಗೆ ಮೂರನೆಯ ದುಡಿಮೆ ಬರುತ್ತದೆ. ಮಂಗಳೂರಿನಲ್ಲಿ ಅದಕ್ಕೆ ತನ್ನದೇ ರೂಪಗಳಿವೆ. ಮದುವೆಯ ಸೀಸನ್ನಿನಲ್ಲಿ ಕ್ಯಾಟರಿಂಗ್‌ಗೆ ಹೋಗುವುದು ಇಲ್ಲಿನ ವಿದ್ಯಾರ್ಥಿಗಳ ಹಳೆಯ ದಾರಿ. ಬಿಳಿ ಅಂಗಿ, ಕಪ್ಪು ಪ್ಯಾಂಟು ತೊಟ್ಟು ಬಡಿಸಿದರೆ ಆ ದಿನದ ಹಣ ಆ ದಿನವೇ ಕೈಗೆ. ಸ್ವಿಗ್ಗಿ, ಜೊಮ್ಯಾಟೊ ಸವಾರರಲ್ಲೂ ಎಂ.ಕಾಂ. ವಿದ್ಯಾರ್ಥಿಗಳಿದ್ದಾರೆ, ಅವರಿಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯ್ದೆ ತಂದದ್ದು ಒಳ್ಳೆಯ ಹೆಜ್ಜೆ. ಹುಡುಗಿಯರಿಗೆ ಟ್ಯೂಷನ್, ಅಂಗಡಿ ಲೆಕ್ಕ, ಮನೆಯಲ್ಲೇ ಕೂತು ಮಾಡುವ ಅನುವಾದ. ಇನ್ನೊಂದು ದುಡಿಮೆ ಲೆಕ್ಕಕ್ಕೆ ಬರುವುದೇ ಇಲ್ಲ: ತಾಯಂದಿರ ಬೀಡಿ. ಕುಲಶೇಖರ, ವಾಮಂಜೂರು, ಗುರುಪುರ ಕಡೆಯ ಎಷ್ಟೋ ಮನೆಗಳಲ್ಲಿ ಎಂ.ಎಸ್ಸಿ. ಶುಲ್ಕ ಕಟ್ಟಿದ್ದು ಮೊರದಲ್ಲಿ ಎಲೆ, ಹೊಗೆಸೊಪ್ಪು ಇಟ್ಟುಕೊಂಡು ಕುಳಿತ ಅಮ್ಮಂದಿರು. ಮಗಳು ಓದಲಿ ಎಂದು ಅವರು ಇನ್ನೂ ಒಂದು ಕಟ್ಟು ಹೆಚ್ಚು ಸುತ್ತಿದರು. ಸಂಶೋಧನೆಯ ಕೃತಜ್ಞತೆಯ ಪುಟದಲ್ಲಿ ಈ ಹೆಸರುಗಳು ಗೈಡ್‌ಗಿಂತ ಮೊದಲು ಬರಬೇಕು.

ಎಲ್ಲ ಮೂರನೆಯ ಕೆಲಸವೂ ಓದಿಗೆ ಶತ್ರುವಲ್ಲ ಎಂಬುದನ್ನೂ ಇದೇ ಊರು ತೋರಿಸಿದೆ. ಡಾ. ಎಂ. ಪ್ರಭಾಕರ ಜೋಶಿಯವರು ವಾಣಿಜ್ಯಶಾಸ್ತ್ರ ಕಲಿಸುತ್ತಾ ಬೆಸೆಂಟ್ ಸಂಜೆ ಕಾಲೇಜಿನ ಪ್ರಾಂಶುಪಾಲರಾದವರು. ಜೊತೆಗೆ ಯಕ್ಷಗಾನ ತಾಳಮದ್ದಳೆಯ ಅರ್ಥಧಾರಿ. ರಾತ್ರಿಯ ಕೂಟಗಳಲ್ಲಿ ಗಂಟೆಗಟ್ಟಲೆ ವಾದಿಸಿದವರು. ಅವರ ಸಂಶೋಧನೆ ಬೆಳೆದದ್ದು ಆ ಕೂಟದಿಂದಲೇ: ಕೃಷ್ಣಸಂಧಾನದ ಪ್ರಸಂಗವನ್ನು ಸ್ವತಃ ಆಡಿ, ಅದನ್ನೇ ಅಧ್ಯಯನದ ವಸ್ತುವಾಗಿಸಿಕೊಂಡರು. ರಾತ್ರಿಯ ದುಡಿಮೆ ಹಗಲಿನ ಬರಹಕ್ಕೆ ಸಾಮಗ್ರಿ ಕೊಟ್ಟಿತು. ಪತ್ರಿಕೋದ್ಯಮದ ಸಂಶೋಧಕ ಸಂಜೆ ಸುದ್ದಿಮನೆಯಲ್ಲಿ ಕೆಲಸ ಮಾಡುವುದು, ತುಳು ಜಾನಪದದ ವಿದ್ಯಾರ್ಥಿ ದಾಖಲೀಕರಣದ ಯೋಜನೆಗೆ ಸೇರುವುದು, ಅರ್ಥಶಾಸ್ತ್ರದವಳು ಸಹಕಾರಿ ಸಂಘದ ಲೆಕ್ಕ ಬರೆಯುವುದು ಇದೇ ಬಗೆ. ಅದೇ ಹೊತ್ತನ್ನು ಡೇಟಾ ಎಂಟ್ರಿಗೆ ಕೊಟ್ಟರೆ ಹಣ ಬರುತ್ತದೆ, ಮನಸ್ಸು ಖಾಲಿಯಾಗುತ್ತದೆ. ಆಯ್ಕೆ ಇರುವಾಗ ಸ್ವಲ್ಪ ಕಡಿಮೆ ಹಣದ, ಓದಿಗೆ ಹತ್ತಿರದ ಕೆಲಸವನ್ನೇ ಹಿಡಿಯಬೇಕೆಂಬುದು ನನ್ನ ಅಭಿಪ್ರಾಯ. ಆಯ್ಕೆ ಎಲ್ಲರಿಗೂ ಇರುವುದಿಲ್ಲ ಎಂಬುದೂ ಗೊತ್ತಿದೆ.

ಹೆಣ್ಣುಮಕ್ಕಳ ಮಾತನ್ನು ಬೇರೆಯಾಗಿಯೇ ಹೇಳಬೇಕು. ಅವರಿಗೆ ಕೆಲಸ ಮೂರಲ್ಲ, ನಾಲ್ಕು. ಮನೆಗೆಲಸ ಯಾವ ವೇಳಾಪಟ್ಟಿಯಲ್ಲೂ ಬರೆಯದೆ ಮೊದಲೇ ಕುಳಿತಿರುತ್ತದೆ. 2022ರ ನವೆಂಬರಿನ ಯುಜಿಸಿ ಪಿಎಚ್.ಡಿ. ನಿಯಮಗಳು ಇದನ್ನು ಸ್ವಲ್ಪ ಮಟ್ಟಿಗೆ ಗುರುತಿಸಿವೆ: ಸಾಮಾನ್ಯವಾಗಿ ಗರಿಷ್ಠ ಆರು ವರ್ಷ, ಮರುನೋಂದಣಿಯಿಂದ ಎಂಟು, ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವಿಕಲತೆ ಇರುವವರಿಗೆ ಹತ್ತರವರೆಗೆ. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳ ರಜೆ. ಆದರೆ ದಿನನಿತ್ಯದ ತೊಡಕು ಬೇರೆ ಕಡೆ ಇದೆ. 2023ರ ಜೂನಿನಲ್ಲಿ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಾಗ ಮೈಸೂರು, ಹುಬ್ಬಳ್ಳಿಗಳ ವಿದ್ಯಾರ್ಥಿನಿಯರ ಬಸ್ಸಿನ ಖರ್ಚು ಇಳಿಯಿತು. ಮಂಗಳೂರು ನಗರದಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಸಿಟಿ ಬಸ್ಸುಗಳು. ಅಲ್ಲಿ ಶಕ್ತಿ ಇಲ್ಲ. ಮೂರು ಕಡೆ ಕೆಲಸ ಮಾಡುವವಳ ಕೈಯಿಂದ ದಿನಕ್ಕೆ ನಾಲ್ಕು ಟಿಕೆಟಿನ ಹಣ ಹೋಗುತ್ತದೆ. ಬಿಕರ್ನಕಟ್ಟೆ, ಕುಲಶೇಖರ, ವಾಮಂಜೂರು ದಾರಿಗೆ ಹೆಚ್ಚು ಸರ್ಕಾರಿ ಬಸ್ಸು ಬೇಕೆಂಬ ಬೇಡಿಕೆಯನ್ನು ನಾನು ಉನ್ನತ ಶಿಕ್ಷಣದ ಬೇಡಿಕೆಯೆಂದೇ ಎಣಿಸುತ್ತೇನೆ.

ಹೊರದೇಶಗಳಲ್ಲಿ ಏನಿದೆ ಎಂದು ನಮ್ಮ ಹುಡುಗರಿಗೆ ಹೇಳಿಕೊಡಬೇಕಾಗಿಲ್ಲ; ಈ ಬೀದಿಯ ಎಷ್ಟೋ ಮನೆಗಳ ಮಕ್ಕಳು ಅಲ್ಲೇ ಇದ್ದಾರೆ. ಹಲವು ದೇಶಗಳಲ್ಲಿ ಹೊರಗಿನಿಂದ ಬಂದ ವಿದ್ಯಾರ್ಥಿಯ ದುಡಿಮೆಗೆ ಮಿತಿಯಿದೆ. ಬ್ರಿಟನ್ನಿನಲ್ಲಿ ತರಗತಿಯ ದಿನಗಳಲ್ಲಿ ವಾರಕ್ಕೆ 20 ಗಂಟೆ, ಆಸ್ಟ್ರೇಲಿಯಾದಲ್ಲಿ 2023ರಿಂದ ಹದಿನೈದು ದಿನಕ್ಕೆ 48 ಗಂಟೆ, ಕೆನಡಾದಲ್ಲಿ 2024ರ ನವೆಂಬರಿನಿಂದ ವಾರಕ್ಕೆ 24, ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ. ವಿದ್ಯಾರ್ಥಿ ಪಾಠ ಹೇಳುವುದು ಓದಿನದೇ ಭಾಗ: ಟೀಚಿಂಗ್ ಅಸಿಸ್ಟೆಂಟ್ ಆಗಿ ವಾರಕ್ಕೆ ಹೆಚ್ಚೆಂದರೆ 20 ಗಂಟೆ, ಅದಕ್ಕೆ ಶುಲ್ಕ ವಿನಾಯಿತಿ ಮತ್ತು ತಿಂಗಳ ಹಣ. ಅಲ್ಲೂ ಎಲ್ಲವೂ ಸುಖವಲ್ಲ. 2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸುಮಾರು 48,000 ಬೋಧನಾ ಸಹಾಯಕರು ಮತ್ತು ಸಂಶೋಧಕರು ಬಾಡಿಗೆ ಕಟ್ಟಲಾಗದೆ ಮುಷ್ಕರ ಹೂಡಿ, ಸಂಬಳ ಏರಿಸಿಕೊಂಡ ಮೇಲೆಯೇ ತರಗತಿಗೆ ಮರಳಿದರು. ಆದರೆ ಅಲ್ಲಿ ಓದು ಮತ್ತು ಪಾಠ ಒಂದೇ ಒಪ್ಪಂದದಲ್ಲಿವೆ, ಒಂದೇ ಆವರಣದಲ್ಲಿವೆ. ನಮ್ಮಲ್ಲಿ ಓದು ಕೊಣಾಜೆಯಲ್ಲಿ, ಪಾಠ ರಥಬೀದಿಯಲ್ಲಿ, ಎರಡಕ್ಕೂ ಪರಸ್ಪರ ಪರಿಚಯವಿಲ್ಲ.

ಪರಿಚಯ ಮಾಡಿಸುವ ಬಾಗಿಲು ಮಾತ್ರ ನಮ್ಮ ನಿಯಮದಲ್ಲೇ ಇದೆ. ಅದೇ 2022ರ ಯುಜಿಸಿ ನಿಯಮಗಳಲ್ಲಿ ಪ್ರತಿ ಪಿಎಚ್.ಡಿ. ವಿದ್ಯಾರ್ಥಿಗೂ ಬೋಧನೆಯ ತರಬೇತಿ ಬೇಕೆಂದಿದೆ. ಟ್ಯುಟೋರಿಯಲ್, ಪ್ರಯೋಗಾಲಯ, ಮೌಲ್ಯಮಾಪನಗಳಲ್ಲಿ ವಾರಕ್ಕೆ ನಾಲ್ಕರಿಂದ ಆರು ಗಂಟೆಯ ಕೆಲಸ ವಹಿಸಬಹುದೆಂದೂ ಇದೆ. ಇದಕ್ಕೊಂದು ದರ ಕಟ್ಟಿ ಜಾರಿಗೊಳಿಸಿದರೆ ಲೆಕ್ಕವೇ ಬದಲಾಗುತ್ತದೆ. ಯುಜಿಸಿಯ ಸ್ವಂತ 1,500 ರೂಪಾಯಿ ದರದಲ್ಲಿ ವಾರಕ್ಕೆ ಐದು ಗಂಟೆಯೆಂದರೆ ತಿಂಗಳಿಗೆ 30,000. ಅಷ್ಟು ಸಿಕ್ಕಿದರೆ ನಮ್ಮ ಬೀದಿಯ ಹುಡುಗಿ ಭಾನುವಾರದ ಡೇಟಾ ಎಂಟ್ರಿಯನ್ನೂ ಬಿಡಬಹುದು, ಟ್ಯೂಷನ್ನನ್ನೂ ಅರ್ಧಕ್ಕಿಳಿಸಬಹುದು. ಅದರ ಅರ್ಧ ದರ ಕೊಟ್ಟರೂ ಈಗಿನದಕ್ಕಿಂತ ಮೇಲು. ಹಣ ಎಲ್ಲಿಂದ ಎಂದು ಕೇಳುವವರಿದ್ದಾರೆ. ಗೆಸ್ಟ್ ಉಪನ್ಯಾಸಕರಿಗೆ ಕೊಡುವ ಹಣದ ಒಂದು ಪಾಲನ್ನು ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗಗಳ ಮೂಲಕ ಹರಿಸಿ, ಸುತ್ತಲಿನ ಸರ್ಕಾರಿ ಕಾಲೇಜುಗಳ ಪಾಠವನ್ನು ಆ ವಿಭಾಗದ ಸಂಶೋಧಕರಿಗೇ ವಹಿಸಬಹುದು. ಆಗ ಪಾಠದ ಗಂಟೆ ಅವರ ಸಂಶೋಧನೆಯ ದಾಖಲೆಯಲ್ಲೂ ಸೇರುತ್ತದೆ, ಮುಂದಿನ ನೇಮಕಾತಿಯಲ್ಲಿ ಅನುಭವವಾಗಿಯೂ ಸಲ್ಲುತ್ತದೆ. ಬಹಳ ವರ್ಷಗಳಿಂದ ಪಾಠ ಹೇಳುತ್ತಿರುವ, ಸಂಶೋಧನೆಯಲ್ಲಿಲ್ಲದ ಅತಿಥಿ ಉಪನ್ಯಾಸಕರ ಹೊಟ್ಟೆಯ ಮೇಲೆ ಕಲ್ಲು ಬೀಳದಂತೆ ಇದನ್ನು ಹೊಸ ವರ್ಕ್‌ಲೋಡಿನಿಂದ ಮಾತ್ರ ಶುರುಮಾಡಬೇಕು. 2022ರಲ್ಲಿ ಗಂಟೆ ಹೆಚ್ಚಿಸಿದಾಗ ಆದ ತಪ್ಪು ಮತ್ತೊಮ್ಮೆ ಆಗಬಾರದು.

ಅರೆಕಾಲಿಕ ಪಿಎಚ್.ಡಿ.ಗೂ ಅದೇ ನಿಯಮಗಳು ಅವಕಾಶ ಕೊಟ್ಟಿವೆ. ಷರತ್ತು ಒಂದು: ಉದ್ಯೋಗ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ ಬೇಕು, ಅದರಲ್ಲಿ ಅಭ್ಯರ್ಥಿಗೆ ಸಂಶೋಧನೆಗೆ ಸಾಕಷ್ಟು ಸಮಯವಿದೆ, ಅಗತ್ಯಬಿದ್ದರೆ ಕೋರ್ಸ್‌ವರ್ಕಿಗೆ ಬಿಡುಗಡೆ ಮಾಡುತ್ತೇವೆ ಎಂದು ಬರೆದುಕೊಡಬೇಕು. ಕಾಯಂ ಉಪನ್ಯಾಸಕರಿಗೆ ಇದು ಒಂದು ಅರ್ಜಿಯ ಕೆಲಸ. ವರ್ಷದಿಂದ ವರ್ಷಕ್ಕೆ ಹೊಸದಾಗಿ ನೇಮಕವಾಗುವ ಗೆಸ್ಟ್‌ಗೆ ಯಾರು ಬರೆದುಕೊಡಬೇಕು? ಮುಂದಿನ ಜೂನಿನಲ್ಲಿ ಇರುತ್ತಾನೋ ಇಲ್ಲವೋ ಗೊತ್ತಿಲ್ಲದವನಿಗೆ ಪ್ರಾಂಶುಪಾಲರು ಸಹಿ ಹಾಕಲು ಹಿಂಜರಿಯುತ್ತಾರೆ. ಹಾಗಾಗಿ ಅವರು ಪೂರ್ಣಾವಧಿಯೆಂದೇ ನೋಂದಾಯಿಸಿಕೊಂಡು, ಪಾಠವನ್ನು ಕಾಗದದಲ್ಲಿ ಕಾಣಿಸದಂತೆ ಮಾಡುತ್ತಾರೆ. ದುಡಿಯುವ ಸತ್ಯವನ್ನು ಬಚ್ಚಿಡಬೇಕಾದ ಸ್ಥಿತಿ ಯುವಕರನ್ನು ಒಳಗಿನಿಂದ ಕುಗ್ಗಿಸುತ್ತದೆ. ಕಾಲೇಜು ಶಿಕ್ಷಣ ಇಲಾಖೆಯೇ ಅತಿಥಿ ಉಪನ್ಯಾಸಕರಿಗೆ ಈ ಪತ್ರ ಕೊಡುವ ಪದ್ಧತಿ ಮಾಡಿದರೆ ಖರ್ಚಿಲ್ಲದೆ ಒಂದು ಗಂಟು ಬಿಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಯಾಕೆ, ಡಾಕ್ಟರೇಟ್ ಇಲ್ಲದೆಯೂ ಸಹಾಯಕ ಪ್ರಾಧ್ಯಾಪಕರಾಗಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ, 2023ರ ಜುಲೈಯಿಂದ ನೇಮಕಕ್ಕೆ ನೆಟ್, ಸೆಟ್ ಸಾಕು, ಪಿಎಚ್.ಡಿ. ಕಡ್ಡಾಯವಲ್ಲ. ಆದರೆ ನೇಮಕಾತಿ ಎಷ್ಟು ನಿಧಾನವೆಂದರೆ 2021ರಲ್ಲಿ ಕರೆದ 1,242 ಹುದ್ದೆಗಳ ಪ್ರಕ್ರಿಯೆ ವರ್ಷಗಟ್ಟಲೆ ಎಳೆಯಿತು. ಅಷ್ಟು ದಿನ ಕಾಯುವವರು ಓದನ್ನು ಬಿಡದೆ ಇರುವುದೇ ಜಾಣತನ. ಓದಿನ ಆಸೆ ಇದ್ದವರು ಕೆಲಸಕ್ಕಾಗಿಯಷ್ಟೇ ಓದುವುದೂ ಇಲ್ಲ.

ಈ ವರ್ಷ ನೋಂದಾಯಿಸಿಕೊಳ್ಳುತ್ತಿರುವವರಿಗೆ, ವ್ಯವಸ್ಥೆ ಬದಲಾಗುವವರೆಗೆ, ಕೈಯಳತೆಯ ಮಾತು ಕೆಲವಿವೆ. ಕೋರ್ಸ್‌ವರ್ಕಿನ ಆರು ತಿಂಗಳು, ಸಾಧ್ಯವಿದ್ದರೆ ಮೊದಲ ವರ್ಷ ಪೂರ್ತಿ, ಮೂರನೆಯ ಕೆಲಸ ಬೇಡ. ಸಾಲ ಮಾಡಿಯಾದರೂ ತಪ್ಪಿಸಿ. ವಿಷಯ ಗಟ್ಟಿಯಾಗುವುದು ಆ ಕಾಲದಲ್ಲೇ. ಕ್ಷೇತ್ರಕಾರ್ಯದ ಊರು ನೀವು ಪಾಠ ಹೇಳುವ ಊರೇ ಆಗಿರಲಿ. ಸಿನಾಪ್ಸಿಸ್ ಬರೆಯುವಾಗ ಸ್ವತಃ ಕಲಿಸುವ ಪತ್ರಿಕೆಗೆ ಹತ್ತಿರದ ವಸ್ತುವನ್ನು ಆರಿಸಿದರೆ ತರಗತಿಯ ತಯಾರಿಯೇ ಪ್ರಬಂಧದ ಒಂದು ಅಧ್ಯಾಯವಾಗುತ್ತದೆ. ವಾರದಲ್ಲಿ ಒಂದು ಅರ್ಧ ದಿನವನ್ನು, ಉತ್ತರಪತ್ರಿಕೆ ಎಷ್ಟೇ ಇರಲಿ, ಪ್ರಬಂಧಕ್ಕೆಂದೇ ಕಟ್ಟಿಡಿ, ಅದನ್ನು ಗೈಡ್‌ಗೂ ಮನೆಯವರಿಗೂ ಮೊದಲೇ ತಿಳಿಸಿ. ಗೈಡ್‌ಗಳಿಗೂ ಒಂದು ಕೋರಿಕೆ: ಆರು ತಿಂಗಳ ಪ್ರಗತಿ ವರದಿಯ ಬದಲು ತಿಂಗಳಿಗೆ ಐದು ಪುಟ ಕೇಳಿ, ಶನಿವಾರ ಮಧ್ಯಾಹ್ನ ಭೇಟಿಯಾಗಿ. ದುಡಿಯುವ ವಿದ್ಯಾರ್ಥಿ ಬುಧವಾರ ಹನ್ನೊಂದು ಗಂಟೆಗೆ ಕೊಣಾಜೆಗೆ ಬರಬೇಕೆಂದರೆ ಆ ದಿನದ ಕೂಲಿಯನ್ನು ಬಿಟ್ಟೇ ಬರಬೇಕಾಗುತ್ತದೆ.